ಅಂದಾಜು ಬರೆಯದ ಮನುಷ್ಯ

ಅವರ ಕುತ್ತಿಗೆ ಮುಂದಕ್ಕೆ ಬಾಗಿದ್ದು ವಯಸ್ಸಿನಿಂದಲ್ಲ. ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ತೆಗೆಸಿಕೊಂಡ ಮದುವೆಯ ಫೋಟೋದಲ್ಲಿಯೂ ಅವರು ವಧುವನ್ನಾಗಲಿ ಕ್ಯಾಮೆರಾವನ್ನಾಗಲಿ ನೋಡದೆ, ತಮ್ಮ ಬಲಗಾಲಿನ ಹೆಬ್ಬೆರಳಿನಿಂದ ಮೂರು ಗೇಣು ಆಚೆಗಿನ ನೆಲವನ್ನೇ ನೋಡುತ್ತ ನಿಂತಿದ್ದಾರೆ. ಅಲ್ಲಿ ಏನಿತ್ತೆಂದು ನಾನೊಮ್ಮೆ ಕೇಳಿದ್ದೆ. “ಇರುವೆ. ಕೆಂಪುದಲ್ಲ, ಕರೀದು, ಹೊಟ್ಟೆ ಮೇಲಕ್ಕೆತ್ಕೊಂಡು ಓಡತ್ತಲ್ಲ, ಆ ಜಾತಿ,” ಎಂದರು, ನಲವತ್ತು ವರ್ಷದ ಹಿಂದಿನ ಇರುವೆಯನ್ನು ನಿನ್ನೆ ಬಂದುಹೋದ ನೆಂಟನಂತೆ ನೆನೆದುಕೊಂಡು. ನಮ್ಮ ನಗರದ ಅತ್ಯಂತ ಎತ್ತರದ ಕಟ್ಟಡ, ಹದಿನೆಂಟು ಮಹಡಿಯದು, ಎದ್ದು ನಿಂತು ಆರು ವರ್ಷವಾದರೂ ಅವರಿಗೆ ಅದರ ಸುದ್ದಿ ಗೊತ್ತಿರಲಿಲ್ಲ. ಎದುರಿನ ಕಾಲುದಾರಿಯ ಕಲ್ಲುಗಳ ಮೇಲೆ ಮೊದಲಿಲ್ಲದ ಹಾವಸೆ ಬೆಳೆದದ್ದನ್ನು ಕಂಡು, ಇಲ್ಲಿಗೆ ಬೀಳುತ್ತಿದ್ದ ಬಿಸಿಲಿಗೆ ಏನೋ ಅಡ್ಡ ಬಂದಿದೆಯಲ್ಲ ಎಂದು ಯೋಚಿಸಿ, ಆಗ ತಲೆಯೆತ್ತಿದರಂತೆ. ಇದನ್ನು ಹೇಳಿದಾಗಲೆಲ್ಲ ಜನ ನಗುತ್ತಾರೆ. ನಾನು ಸಾಸಿವೆಯನ್ನು ಕುಂಬಳಕಾಯಿ ಮಾಡುವವನೆಂದು ಹೆಸರಾದವನು. ಹದಿನೆಂಟು ಮಹಡಿಯನ್ನು ಇಪ್ಪತ್ತೈದು ಮಾಡಿ ಹೇಳಿರುವುದೂ ಉಂಟು. ಹಾವಸೆಯ ವಿಷಯ ಮಾತ್ರ ಅಕ್ಷರಶಃ ನಿಜ.

ನೀರು ಸರಬರಾಜು ಇಲಾಖೆಯಲ್ಲಿ ಮೀಟರ್ ಓದುವುದು ಅವರ ಉದ್ಯೋಗ. ಮೂವತ್ತೊಂದು ವರ್ಷ ನಗರದ ಅಂಚಿನ ಬಡಾವಣೆಗಳಲ್ಲಿ ಮನೆಮನೆಗೂ ಹೋಗಿ, ಅಂಗಳದ ಮೂಲೆಯ ಗುಂಡಿಯ ಕಬ್ಬಿಣದ ಮುಚ್ಚಳ ಎತ್ತಿ, ಮಂಡಿಯೂರಿ, ಗಾಜಿನ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಒರೆಸಿ, ಅಂಕಿಗಳನ್ನು ಬರೆದುಕೊಂಡವರು. ಎಲ್ಲರೂ ಅವರನ್ನು ಮೀಟರಿನವರು ಎಂದೇ ಕರೆಯುತ್ತಿದ್ದುದರಿಂದ ನಾನೂ ಹಾಗೆಯೇ ಕರೆಯುತ್ತೇನೆ. ಬೇರೆಯವರಿಗೆ ಆ ಗುಂಡಿಯಲ್ಲಿ ಕಾಣುತ್ತಿದ್ದದ್ದು ಅಂಕಿ ಮಾತ್ರ. ಇವರಿಗೆ ಒಂದು ಸಂಸಾರವೇ ಕಾಣುತ್ತಿತ್ತು. ಸೋರುವ ನಲ್ಲಿಯ ತೇವಕ್ಕೆ ಬೇರುಬಿಟ್ಟ ಬೆರಳುದ್ದದ ಜರೀಗಿಡ, ಬೆನ್ನ ಮೇಲೆ ಇಪ್ಪತ್ತು ಮರಿಗಳನ್ನು ಹೊತ್ತ ಚೇಳು, ಗಾಜಿನ ಮೇಲೆ ಬೆಳ್ಳಿಗೆರೆ ಎಳೆಯುತ್ತ ಸಾಗುವ ಬಸವನಹುಳು, ಇವೆಲ್ಲ ಅವರ ಪಾಲಿಗೆ ಆ ಮನೆಯ ಒಕ್ಕಲುಗಳೇ ಆಗಿದ್ದವು. ಮೇಲಿನ ಮನೆಯವರ ಹೆಸರು ಅವರಿಗೆ ಮರೆಯುತ್ತಿತ್ತು, ಕೆಳಗಿನವರದ್ದು ಎಂದೂ ಮರೆಯುತ್ತಿರಲಿಲ್ಲ.

ಇಲಾಖೆಯಲ್ಲಿ ಒಂದು ರೂಢಿಯಿತ್ತು. ಮನೆಗೆ ಬೀಗ ಹಾಕಿದ್ದರೆ ಕಳೆದ ತಿಂಗಳ ಅಂಕಿಯ ಮೇಲೆ ಇಷ್ಟು ಸೇರಿಸಿ, ಪಕ್ಕದಲ್ಲಿ ‘ಅಂದಾಜು’ ಎಂದು ಬರೆದು ಮುಂದಿನ ಮನೆಗೆ ಹೋಗಬಹುದು. ಮೂವತ್ತೊಂದು ವರ್ಷದಲ್ಲಿ ಇವರು ಆ ಪದವನ್ನು ಒಮ್ಮೆಯೂ ಬರೆಯಲಿಲ್ಲ. ಬೀಗ ಕಂಡರೆ ಮರುದಿನ ಬಂದರು. ಮರುದಿನವೂ ಬೀಗವಿದ್ದರೆ ಭಾನುವಾರ ಬಂದರು. ಒಂದು ಮನೆಯವರು ಹನ್ನೊಂದು ತಿಂಗಳು ಪರದೇಶಕ್ಕೆ ಹೋಗಿದ್ದಾಗ ವಾರಕ್ಕೊಮ್ಮೆ ಹೋಗಿ ಗೇಟಿನ ಮುಂದೆ ನಿಂತು ಬರುತ್ತಿದ್ದರು; ಕೊನೆಗೆ ಆ ಮನೆಯವರು ಬಂದಿಳಿದಾಗ ಬಾಗಿಲಲ್ಲಿ ಇವರನ್ನು ಕಂಡು, ಯಾರೋ ಬಂಧು ಗೊತ್ತುಮಾಡಿದ ಕಾವಲುಗಾರನಿರಬೇಕೆಂದು ಪೆಟ್ಟಿಗೆಗಳನ್ನು ಕೈಗೆ ಕೊಟ್ಟರಂತೆ. ಇವರು ಪೆಟ್ಟಿಗೆಗಳನ್ನು ಒಳಗೆ ಇಟ್ಟು, ಮೀಟರ್ ಓದಿಕೊಂಡು ಬಂದರು. ಮೇಲಧಿಕಾರಿ ರೋಸಿಹೋಗಿ, “ಅಲ್ರೀ, ಇಡೀ ಇಲಾಖೆ ಅಂದಾಜಿನ ಮೇಲೆ ನಡೀತಾ ಇದೆ, ನಿಮಗೊಬ್ರಿಗೆ ಏನ್ರೀ ಬಂದಿದೆ ರೋಗ?” ಎಂದು ಕೂಗಾಡಿದರೆ, “ನೋಡದೆ ಬರೆದ್ರೆ ಕೈ ತುರಿಸತ್ತೆ ಸಾರ್,” ಎಂದು ಅಂಗೈ ತೋರಿಸಿದರಂತೆ, ಅಲ್ಲಿ ನಿಜಕ್ಕೂ ಗುಳ್ಳೆ ಎದ್ದಿರಬಹುದು ಎಂಬಂತೆ.

ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುತ್ತಿದ್ದೆ. ಪರರ ತಪ್ಪುಗಳನ್ನು ಹೆಕ್ಕಿ ಹೊಟ್ಟೆ ಹೊರೆದುಕೊಳ್ಳುವ ಆ ಕೆಲಸದಲ್ಲಿ ಮನುಷ್ಯನ ಸ್ವಭಾವ ಹುಳಿಯಾಗುವುದು ಸಹಜ. ಒಂದು ಬೆಳಗ್ಗೆ ನಮ್ಮ ಪ್ರೆಸ್ಸಿನ ಹಿತ್ತಿಲಲ್ಲಿ ಖಾಕಿ ಕೋಟಿನ ವ್ಯಕ್ತಿಯೊಬ್ಬರು ಗುಂಡಿಯೊಳಗೆ ತಲೆಯಿಟ್ಟು ಅರ್ಧ ಗಂಟೆಯಿಂದ ಅಲ್ಲಾಡದಿರುವುದನ್ನು ಕಂಡು, ಪ್ರಾಣ ಹೋಯಿತೇನೋ ಎಂದು ಹತ್ತಿರ ಹೋದೆ.

“ಏನ್ರೀ, ನೀವು ಮೀಟರ್ ಓದ್ತಿದೀರೋ, ಮೀಟರೇ ನಿಮ್ಮನ್ನ ಓದ್ತಿದೆಯೋ?”

“ಶ್! ಮೊಟ್ಟೆ ಒಡೀತಾ ಇದೆ. ಕಪ್ಪೇದು. ನಿಮ್ಮ ನೆರಳು ಸ್ವಲ್ಪ ಆಚೆ ತಗೊಳಿ.”

ನನ್ನ ನೆರಳನ್ನು ನಾನು ಆಚೆ ತೆಗೆದುಕೊಂಡೆ. ಅಂದಿನಿಂದ ಇಪ್ಪತ್ತಾರು ವರ್ಷ ಅವರ ಭಾನುವಾರಗಳ ಹಿಂದೆ ನಡೆದೆ. “ಏನಪ್ಪಾ ಪ್ರೂಫು, ಕಾಲು ಗಟ್ಟಿ ಇದೆಯಾ?” ಎಂದು ಬೆಳಗ್ಗೆ ಐದೂವರೆಗೆ ಕಿಟಕಿಯಲ್ಲಿ ಕೇಳಿಬರುತ್ತಿದ್ದ ಆ ದನಿಗೆ ನನ್ನ ಮನೆಯವರು ಹಾಕಿದ ಶಾಪಗಳಲ್ಲಿ ಕಾಲುಭಾಗ ಫಲಿಸಿದ್ದರೂ ನಾವಿಬ್ಬರೂ ತೆವಳಬೇಕಾಗುತ್ತಿತ್ತು.

ಆ ಕೋಟಿನ ಬಗ್ಗೆ ಹೇಳದೆ ಮುಂದೆ ಹೋಗಲಾಗದು. ಇಲಾಖೆ ಕೊಟ್ಟಾಗ ಅದಕ್ಕೆ ಎರಡು ಜೇಬಿದ್ದವು. ಹೊಲಿಗೆ ಕೆಲಸ ಮಾಡುತ್ತಿದ್ದ ಹೆಂಡತಿ ವರ್ಷಕ್ಕೊಂದರಂತೆ ಸೇರಿಸಿ ಹದಿನಾಲ್ಕು ಮಾಡಿದ್ದರು. ಬೀಜಕ್ಕೊಂದು, ಚಿಪ್ಪಿಗೊಂದು, ಗರಿಗೊಂದು, ಭೂತಗನ್ನಡಿಗೊಂದು, ಬಾಯಿಗೆ ಹಾಕಿಕೊಳ್ಳುವ ಕಡಲೆಗೊಂದು. ಅವಸರದಲ್ಲಿ ಕಡಲೆಯೆಂದು ಏನೇನು ಅಗಿದಿದ್ದಾರೋ ಅವರಿಗೇ ಗೊತ್ತು. ಒಂದು ಮಳೆಗಾಲ ಆ ಕೋಟು ಮೊಳೆಗೆ ನೇತುಹಾಕಿದಲ್ಲೇ ಚಿಗುರೊಡೆಯಿತೆಂದೂ, ಅವರ ಹೆಂಡತಿ ಅದಕ್ಕೆ ಇಸ್ತ್ರಿಯ ಬದಲು ಗೊಬ್ಬರ ಹಾಕಿದರೆಂದೂ ನಾನು ಹಬ್ಬಿಸಿದ್ದ ಸುದ್ದಿಯನ್ನು ಅವರು ಅಲ್ಲಗಳೆಯಲಿಲ್ಲ. “ಚಿಗುರು ಬಂದಿದ್ದು ನಿಜ. ಗೊಬ್ಬರ ಸುಳ್ಳು,” ಎಂದು ತಿದ್ದಿದರು.

ಅತ್ತಿಗೆಯೆಂದು ನಾನು ಕರೆಯುತ್ತಿದ್ದ ಆ ಹೆಣ್ಣುಮಗಳ ನಾಲಗೆ ಅವರ ಸೂಜಿಯಷ್ಟೇ ಚೂಪು. “ಮದುವೆ ಆದ ಹೊಸದ್ರಲ್ಲಿ ಇವ್ರು ನನಗೆ ಹೂವು ತಂದ್ರು. ತಂದ್ರು, ತೋರ್ಸಿದ್ರು, ಪೇಪರ್ ಮಧ್ಯ ಇಟ್ಟು ಅದರ ಮೇಲೆ ಎರಡು ಇಟ್ಟಿಗೆ ಹೇರಿದ್ರು. ಆಗ್ಲೇ ತಿಳ್ಕೊಂಡೆ ನನ್ನ ಬಾಳು ಹೇಗಿರತ್ತೆ ಅಂತ,” ಎನ್ನುತ್ತಿದ್ದರು. ಹಾಗೆನ್ನುತ್ತಲೇ, ಒಣಗಿದ ಆ ಗಿಡಗಳನ್ನು ದಪ್ಪ ಹಾಳೆಗಳ ಮೇಲಿಟ್ಟು ಕಾಂಡಕ್ಕೂ ಬೇರಿಗೂ ನೋವಾಗದಂತೆ ಎಳೆದಾರದಿಂದ ಹೊಲಿದು ಕೂರಿಸುತ್ತಿದ್ದವರು ಅವರೇ. ಗಂಟು ಹಾಳೆಯ ಹಿಂಬದಿಗೆ, ಮುಂಬದಿಯಲ್ಲಿ ದಾರ ಕಂಡೂ ಕಾಣದಷ್ಟು. ಎರಡು ಕೋಣೆಯ ಆ ಮನೆಯಲ್ಲಿ ಮಂಚದ ಕೆಳಗೆ, ಬೀರುವಿನ ಮೇಲೆ, ಹೊಲಿಗೆ ಯಂತ್ರದ ಮಗ್ಗುಲಿಗೆ ಇಂಥ ನಾಲ್ಕು ಸಾವಿರ ಹಾಳೆಗಳಿದ್ದವು.

ಹಾಳೆಗಳೂ, ಜೊತೆಗಿದ್ದ ಇಪ್ಪತ್ತೆರಡು ನೋಟುಪುಸ್ತಕಗಳೂ ಸೇರಿ ಒಂದೇ ಗ್ರಂಥ: ಈ ನಗರದ ಸುತ್ತಣ ಪ್ರದೇಶದ ಸಮಸ್ತ ಜೀವಜಾಲದ ಚರಿತ್ರೆ. ಸುತ್ತಣ ಎಂದರೆ ಎಷ್ಟು ದೂರ ಎಂಬುದಕ್ಕೆ ಅವರದ್ದೇ ಒಂದು ಅಳತೆ. ಬೆಳಗ್ಗೆ ಮಾರುಕಟ್ಟೆಯ ಗಡಿಯಾರದ ಕಂಬದಿಂದ ಹೊರಟು, ನಡೆದು, ನೋಡಿ, ಸಂಜೆ ದೀಪ ಹಚ್ಚುವುದರೊಳಗೆ ನಡೆದೇ ಮರಳಬಹುದಾದಷ್ಟು. ಆ ವೃತ್ತದ ಒಳಗೆ ಉಸಿರಾಡುವ ಪ್ರತಿಯೊಂದೂ ಅವರ ವಿಷಯ, ಹೊರಗೆ ಆನೆ ನಿಂತಿದ್ದರೂ ಅವರಿಗೆ ಸಂಬಂಧವಿಲ್ಲ. ಅದರಲ್ಲಿ ಒಂದು ದುಃಖವಿದ್ದುದನ್ನು ನಾನು ಬಹಳ ತಡವಾಗಿ ಅರಿತೆ. ನಗರ ವರ್ಷ ವರ್ಷವೂ ಒಳಗಿನಿಂದ ಹೊರಕ್ಕೆ ಬೆಳೆಯುತ್ತಿತ್ತು; ಅವರ ಕಾಲು ವರ್ಷ ವರ್ಷವೂ ಸೋಲುತ್ತ ಅವರ ವೃತ್ತ ಹೊರಗಿನಿಂದ ಒಳಕ್ಕೆ ಕುಗ್ಗುತ್ತಿತ್ತು. ಎರಡು ಗೆರೆಗಳ ನಡುವೆ ಉಳಿದ ಹಸಿರು, ಬಾಗಿಲ ಸಂದಿಯಲ್ಲಿ ಕಾಣುವ ಬೆಳಕಿನ ಹಾಗೆ, ದಿನೇ ದಿನೇ ತೆಳುವಾಗುತ್ತಿತ್ತು. ನಾವು ನೀರುನಾಯಿ ಕಂಡಿದ್ದ ತೊರೆ ಚರಂಡಿಯಾಯಿತು. ಮಿಂಚುಳ್ಳಿ ಗೂಡು ಕೊರೆದಿದ್ದ ಮಣ್ಣಿನ ದಂಡೆಗೆ ಸಿಮೆಂಟು ಬಳಿದರು. ಪ್ರತಿ ಸಲವೂ ಅವರು ನೋಟುಪುಸ್ತಕ ತೆಗೆದು, ಆ ಜೀವಿಯ ಪುಟದ ಕೆಳಗೆ ಕೊನೆಯ ಬಾರಿ ಕಂಡ ತಾರೀಕು ಬರೆದು, ಶಾಯಿ ಆರುವವರೆಗೆ ಪುಟವನ್ನು ತೆರೆದೇ ಇಟ್ಟುಕೊಂಡು ಕೂರುತ್ತಿದ್ದರು. ನಾನು ತಮಾಷೆ ಮಾಡದೆ ಸುಮ್ಮನಿರುತ್ತಿದ್ದ ಕ್ಷಣಗಳು ಅವು ಮಾತ್ರ.

ಆ ಗ್ರಂಥಕ್ಕೂ ಮೀಟರಿನ ನಿಯಮವೇ. ತಾವು ಕಣ್ಣಾರೆ ಕಾಣದ್ದು ಒಳಗೆ ಬರುವಂತಿಲ್ಲ. ಗಿಡವನ್ನು ಕಿತ್ತು ಪೇಪರಿನ ಮಡಿಕೆಯಲ್ಲಿಟ್ಟ ದಿನವೇ, ಕೈತೊಳೆದು, ಊಟಕ್ಕೆ ಕೂರುವ ಮುಂಚೆ ಅದರ ಚೀಟಿ ಬರೆಯಬೇಕು: ಯಾವುದು, ಎಲ್ಲಿ, ಎಂದು. ಕೆಸರುಗೈಯಲ್ಲಿ ದಾರಿಯಲ್ಲೇ ಬರೆಯುವ ಅಭ್ಯಾಸ ಅವರಿಗಿರಲಿಲ್ಲ. ಆದರೆ ಚೀಟಿಯಿಲ್ಲದ ಗಿಡದ ಜೊತೆ ಒಂದು ರಾತ್ರಿಯನ್ನೂ ಕಳೆದವರಲ್ಲ ಎಂದು ನಾನು ತಿಳಿದಿದ್ದೆ. ಅವರೂ ಹಾಗೆಯೇ ತಿಳಿದಿದ್ದರು.

ಅವರು ನಿವೃತ್ತರಾಗಿ ನಾಲ್ಕು ವರ್ಷವಾಗಿತ್ತು. ನಗರದ ಪೂರ್ವದ ಅಂಚಿನಲ್ಲಿ, ನಾವು ‘ದೊಡ್ಡ ಜೌಗು’ ಎನ್ನುತ್ತಿದ್ದ ನೂರೆಕರೆಯ ಕೆಸರುನೆಲವೊಂದು ಉಳಿದಿತ್ತು. ಆಪು, ಜೇಕಿನಂಥ ಜೌಗುಹುಲ್ಲುಗಳು, ನೀರುಕೋಳಿ, ಚಳಿಗಾಲಕ್ಕೆ ಎಲ್ಲಿಂದಲೋ ಹಾರಿಬರುವ ಬಾತುಗಳು, ಅದರಾಚೆಗೆ ಕಾಂಪೌಂಡುಗಳು. ಅದನ್ನು ಮಣ್ಣು ತುಂಬಿ ಬಸ್ ಡಿಪೋ ಮಾಡುವುದೆಂದು ತೀರ್ಮಾನವಾಯಿತು. ಪಕ್ಕದ ಬಡಾವಣೆಯ ನಿವೃತ್ತ ವೈದ್ಯೆಯೊಬ್ಬರು, ಎಲ್ಲರ ಬಾಯಲ್ಲೂ ಡಾಕ್ಟರಮ್ಮ, ಇದಕ್ಕೆ ವಿರೋಧವಾಗಿ ಎದ್ದು ನಿಂತರು. ಆಕೆ ಕಾನೂನಿನ ಪುಸ್ತಕವನ್ನು ರೋಗಿಯ ನಾಡಿಯಂತೆ ಹಿಡಿದು ನೋಡಿ, ಒಂದು ಅಂಶವನ್ನು ಹೊರತೆಗೆದರು. ಸುತ್ತಿನಲ್ಲಿ ಬೇರೆಲ್ಲಿಯೂ ಇಲ್ಲದ ಜೀವಿಯೊಂದು ಒಂದು ಜಾಗದಲ್ಲಿದೆಯೆಂದು ರುಜುವಾತಾದರೆ ಅಲ್ಲಿ ಕಾಮಗಾರಿ ನಡೆಯಕೂಡದು. ಅಂಥ ಜೀವಿ ಮೀಟರಿನವರ ಹಾಳೆಗಳಲ್ಲಿತ್ತು.

ಆ ಜೀವಿಯನ್ನು ಕಂಡರೆ ನೀವು ನಿರಾಶರಾಗುತ್ತೀರಿ. ಹುಲ್ಲಿನಂತೆ ಕಾಣುವ, ಆದರೆ ಹುಲ್ಲಲ್ಲದ, ಜರೀಗಿಡಗಳ ದಾಯಾದಿ ಕುಲಕ್ಕೆ ಸೇರಿದ ಗೇಣುದ್ದದ ಗಿಡ. ಹೂವಿಲ್ಲ, ಪರಿಮಳವಿಲ್ಲ, ನನ್ನ ಕಣ್ಣಿಗಂತೂ ಬಡ ಈರುಳ್ಳಿ. ಮೊದಲ ಮಳೆ ಬಿದ್ದ ಮೇಲೆ ಮೂರು ವಾರ ತಲೆಯೆತ್ತಿ, ಆಮೇಲೆ ವರ್ಷವಿಡೀ ನೆಲದೊಳಗೆ ಗೆಡ್ಡೆಯಾಗಿ ಮಲಗುವ ಸೋಮಾರಿ. ಹತ್ತೊಂಬತ್ತು ವರ್ಷದ ಹಿಂದೆ ಒಮ್ಮೆ ಅದು ಅವರಿಗೆ ಸಿಕ್ಕಿತ್ತು, ಚೀಟಿಯಲ್ಲಿ ‘ದೊಡ್ಡ ಜೌಗು’ ಎಂದಿತ್ತು. ಆಮೇಲೆ ಪ್ರತಿ ಮಳೆಗಾಲವೂ ಜೌಗಿನಲ್ಲಿ ಹುಡುಕಿ, ಕಾಣದೆ, “ನನ್ನ ಕಣ್ಣು ಮಂಜಾಗ್ತಾ ಇದೆ ಕಣಪ್ಪಾ” ಎಂದು ಕನ್ನಡಕ ಬದಲಿಸಿಕೊಂಡು ಬರುತ್ತಿದ್ದರು. ಡಾಕ್ಟರಮ್ಮನ ತಕರಾರಿನ ವಿಚಾರಣೆಗೆ ದಿನ ನಿಗದಿಯಾದದ್ದು ಕಡುಬೇಸಿಗೆಯಲ್ಲಿ. ಹೋಗಿ ನೋಡಿದರೂ ನೆಲದ ಮೇಲೆ ಏನೂ ಇರುವಂತಿರಲಿಲ್ಲ. ನೂರೆಕರೆಯ ಹಣೆಬರಹ ಆ ಒಂದು ಹಾಳೆಯ ಮೇಲೆ ನಿಂತಿತ್ತು.

ವಿಚಾರಣೆಗೆ ಎರಡು ದಿನ ಮುಂಚೆ, ಬೆಳಗಿನ ಹತ್ತು ಗಂಟೆಗೆ ನಾನು ಅವರ ಮನೆಯಲ್ಲಿದ್ದೆ. ಹಾಳೆಯನ್ನು ಕಟ್ಟಿನಿಂದ ತೆಗೆದು ಕಿಟಕಿಯ ಬೆಳಕಿಗೆ ಮೇಜಿನ ಮೇಲೆ ಇಟ್ಟಿದ್ದರು. ಅತ್ತಿಗೆ ಚಹಾ ತಂದಿಟ್ಟು, ಬಗ್ಗಿ ನೋಡಿ, ಮೂಗು ಮುರಿದರು.

“ಇದ್ಯಾರ ಹೊಲಿಗೆ? ಗೋಣಿಚೀಲ ಹೊಲಿದ ಹಾಗಿದೆ. ನನ್ನದಲ್ಲಪ್ಪ.”

“ನಂದೇ,” ಎಂದರು ಮೀಟರಿನವರು. “ನೀನು ಆಗ ಆಸ್ಪತ್ರೇಲಿದ್ದೆ. ಆಪರೇಷನ್ ಆಗಿತ್ತಲ್ಲ, ಅವತ್ತು ನಾನು ನಡೆದು ಬಂದಾಗ ಪಕ್ಕದ್ಮನೆಯೋರು ಬಾಗಿಲಲ್ಲೇ ನಿಂತಿದ್ರು, ನಿನ್ನನ್ನ ಕರ್ಕೊಂಡು ಹೋಗಿದಾರೆ ಅಂತ...”

ಅವರ ಕೈ ತಾನಾಗಿ ಎದೆಯ ಜೇಬಿನ ಭೂತಗನ್ನಡಿಗೆ ಹೋಯಿತು. ಗಿಡದ ಬುಡದಲ್ಲಿ, ಗೆಡ್ಡೆಯ ಸಿಪ್ಪೆಗಳ ನಡುವೆ ಹತ್ತೊಂಬತ್ತು ವರ್ಷದಿಂದ ಅಂಟಿಕೊಂಡಿದ್ದ ಚಿಟಿಕೆ ಮಣ್ಣನ್ನು ಅವರು ಬಹಳ ಹೊತ್ತು ನೋಡಿದರು. ಆಮೇಲೆ ಭೂತಗನ್ನಡಿಯನ್ನು ನನಗೆ ಕೊಟ್ಟರು. ಮಣ್ಣಿನಲ್ಲಿ ಸಣ್ಣ ಸಣ್ಣ ಹೊಳಪುಗಳಿದ್ದವು. ಕಾಗೆಬಂಗಾರ. ದೊಡ್ಡ ಜೌಗಿನದು ಸೆಗಣಿಯಂಥ ಕರಿಯ ಜೇಡಿ. ಅದರಲ್ಲಿ ಹೊಳೆಯುವ ಚೂರೊಂದೂ ಇಲ್ಲವೆಂಬುದು ಇಪ್ಪತ್ತಾರು ವರ್ಷ ಅದನ್ನು ಪ್ಯಾಂಟಿನಿಂದ ತಿಕ್ಕಿ ತೊಳೆದ ನನಗೂ ಗೊತ್ತು. ಕಾಗೆಬಂಗಾರ ಇದ್ದದ್ದು ಪಶ್ಚಿಮದ ಕಲ್ಲುಗಣಿಯ ಹೊಂಡದಲ್ಲಿ. ಆ ದಿನ ಅವರು ಬೆಳಗ್ಗೆ ಗಣಿಗೂ ಮಧ್ಯಾಹ್ನ ಜೌಗಿಗೂ ಹೋಗಿದ್ದರು. ಎರಡು ಮಡಿಕೆ ಪೇಪರು, ಎರಡು ಗಿಡ. ಐದು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದು, ಮನೆಗೆ ಬಂದು, ನೆನಪಿನಿಂದ ಎರಡು ಚೀಟಿ ಬರೆದಿದ್ದರು. ಜೊತೆಯ ಹಾಳೆಯನ್ನೂ ಹುಡುಕಿ ತೆಗೆದೆವು. ‘ಕಲ್ಲುಗಣಿ’ ಎಂದು ಚೀಟಿಯಿದ್ದ ಆ ಜೇಕಿನ ಬೇರಿನಲ್ಲಿ ಕರಿಯ ಜೇಡಿ ಒಣಗಿ ಬಿರಿದಿತ್ತು. ಚೀಟಿಗಳು ಅದಲುಬದಲಾಗಿದ್ದವು.

ಅತ್ತಿಗೆಗೆ ಅರ್ಥವಾಗಲು ಒಂದು ನಿಮಿಷ ಬೇಕಾಯಿತು. “ನನ್ನ ಬಾಯಿಗಿಷ್ಟು ಮಣ್ಣು ಹಾಕ,” ಎಂದು ಕುಸಿದು ಕೂತರು.

ನನ್ನ ವೃತ್ತಿಯಲ್ಲಿ ನಾನು ಲಕ್ಷಾಂತರ ತಪ್ಪುಗಳನ್ನು ಹೊರಗೆಳೆದಿದ್ದೇನೆ. ಒಂದು ತಪ್ಪನ್ನು ಉಳಿಸಿಕೊಳ್ಳಲು ಹೆಣಗಿದ್ದು ಆ ದಿನ ಮಾತ್ರ. “ನೋಡಿ,” ಎಂದೆ, “ಈ ಕೋಣೇಲಿ ಮೂರು ಜನ ಇದೀವಿ. ಭೂತಗನ್ನಡಿ ಹಿಡ್ಕೊಂಡು ಮಣ್ಣು ನೋಡೋ ಹುಚ್ಚ ಆ ವಿಚಾರಣೆಗೆ ಯಾರೂ ಬರಲ್ಲ. ಒಂದು ಚೀಟಿ ತಾನೆ? ನೀವು ಸುಳ್ಳು ಹೇಳೋದೇನೂ ಬೇಡ. ಹಾಳೆ ಅವರ ಮುಂದಿಟ್ಟು ಬಾಯಿ ಮುಚ್ಕೊಂಡು ಕೂತ್ಕೊಳಿ. ಸಾಕು.”

“ನಾಲ್ಕು ಸಾವಿರ ಚೀಟಿ ಇದೆಯಪ್ಪಾ,” ಎಂದರು. “ಗೊತ್ತಿದ್ದೂ ಇದೊಂದನ್ನ ಬಿಟ್ರೆ, ಉಳಿದದ್ದೆಲ್ಲ ನಾನು ನೋಡಿ ಬರೆದಿದ್ದು ಅಂತ ಹೇಗೆ ಹೇಳ್ಲಿ?”

ಆಗ ಅತ್ತಿಗೆ ತಲೆಯೆತ್ತಿದರು. ಅವರ ದನಿಯಲ್ಲಿ ಎಂದಿನ ಚೂಪು ಇರಲಿಲ್ಲ, ಮೆಲ್ಲಗಿತ್ತು. “ಜೌಗೇ ಹೋದ ಮೇಲೆ ಆ ನಾಲ್ಕು ಸಾವಿರ ಚೀಟಿ ಯಾರಿಗ್ರೀ ಬೇಕು? ನಾನು ಹೊಲಿದಿದ್ದು ಯಾತಕ್ಕೆ ಹಾಗಾದ್ರೆ?”

ಚಹಾ ಆರಿ ಕೆನೆಗಟ್ಟಿತು. ಅವರು ಕೋಟು ಹಾಕಿಕೊಂಡು ಡಾಕ್ಟರಮ್ಮನ ಮನೆಗೆ ಹೊರಟರು. ವಿಚಾರಣೆಯಲ್ಲಿ ಆಕೆಗೆ ಇದು ಮೊದಲ ಬಾರಿ ಕಿವಿಗೆ ಬೀಳುವುದು ಅನ್ಯಾಯ ಎಂಬುದು ಅವರ ವಾದ. ಅಲ್ಲಿ ಏನು ನಡೆಯಿತೋ ನನಗೆ ತಿಳಿಯದು. ಮರಳಿ ಬಂದಾಗ ಅವರು ಹೇಳಿದ್ದು ಇಷ್ಟೇ: “ಬಾಗಿಲ ತನಕ ಬಂದು ಕಳಿಸಿಕೊಟ್ರು. ಕೂಗಾಡಿದ್ರೆ ವಾಸಿ ಇತ್ತು.”

ವಿಚಾರಣೆ ನಡೆದದ್ದು ಸರ್ಕಾರಿ ಕಚೇರಿಯ ಮೊದಲ ಮಹಡಿಯ ಉದ್ದನೆಯ ಕೋಣೆಯಲ್ಲಿ. ಮೂರು ಫ್ಯಾನುಗಳಲ್ಲಿ ಒಂದು ತಿರುಗುತ್ತಿತ್ತು, ಅದೂ ತನಗೇ ಗಾಳಿ ಬೀಸಿಕೊಳ್ಳುವಂತೆ. ಅಧಿಕಾರಿ ಒಳ್ಳೆಯವರು, ಮೀಟರಿನವರಿಗೆ ಕೂರಲು ಹೇಳಿದರು. ಇವರು ಕೂರಲಿಲ್ಲ. ಎರಡು ಹಾಳೆಗಳನ್ನೂ ಮೇಜಿನ ಮೇಲಿಟ್ಟು, ಇದು ನನ್ನ ತಪ್ಪು, ಹೀಗಾಯಿತು, ಈ ಗಿಡ ಜೌಗಿನದಲ್ಲ ಎಂದು ನಾಲ್ಕು ವಾಕ್ಯಗಳಲ್ಲಿ ಮುಗಿಸಿದರು. ಹಿಂದಿನ ಸಾಲುಗಳಲ್ಲಿ ಗುಸುಗುಸು ಎದ್ದಿತು. “ದುಡ್ಡು ತಿಂದಿರಬೇಕು ಮುದುಕ,” ಎಂದು ಯಾರೋ ಎಂದದ್ದು ನನಗೆ ಕೇಳಿಸಿತು, ಅವರಿಗೂ ಕೇಳಿಸಿರಬೇಕು. ಡಿಪೋ ಪರ ವಕೀಲರು ಹಸನ್ಮುಖರಾಗಿ ಎದ್ದರು.

“ಹಾಗಾದ್ರೆ ಈ ಗಿಡ ಕಲ್ಲುಗಣಿಯದು. ಅಲ್ಲಿ ಈಗ್ಲೂ ಇರಬಹುದಲ್ಲ?”

“ಇಲ್ಲ ಸಾರ್. ಹೊಂಡ ಮುಚ್ಚಿ ಹದಿನೇಳು ವರ್ಷ ಆಯ್ತು. ಅದರ ಮೇಲೆ ಇನ್ನೂರ ಎಂಟು ಮನೆ ಇವೆ.”

“ಅಷ್ಟು ಖಚಿತವಾಗಿ ಹೇಗೆ ಹೇಳ್ತೀರಿ?”

“ಆ ಮನೆಗಳ ಮೀಟರ್ ಓದಿದ್ದು ನಾನೇ. ಒಂದೊಂದು ಗುಂಡೀಲೂ ಏನೇನು ಬೆಳೆದಿದೆ ಅಂತ ನೋಡಿದೀನಿ. ಇದು ಇರಲಿಲ್ಲ.”

ಅಧಿಕಾರಿ ಹಾಳೆಗಳನ್ನು ತಮ್ಮತ್ತ ಎಳೆದುಕೊಂಡು, ಜೌಗಿನಲ್ಲಿ ಬೇರೇನಾದರೂ ಉಂಟೇ, ಬೇರೆಲ್ಲೂ ಸಿಗದಂಥದ್ದು, ಎಂದು ಕೇಳಿದರು; ಆ ದನಿಯಲ್ಲಿ ಹೌದೆನ್ನಿ ಎಂಬ ಬೇಡಿಕೆಯೇ ಇತ್ತೆಂದು ನನ್ನ ಭಾವನೆ. ಮೀಟರಿನವರು ಜೌಗಿನ ಜೀವಿಗಳನ್ನೆಲ್ಲ ಒಂದೊಂದಾಗಿ ನೆನೆಯುತ್ತ ತುಟಿಯಲ್ಲೇ ಎಣಿಸಿದರು. ನಾನು ಬೆಂಚಿನ ಅಂಚನ್ನು ಹಿಡಿದು ಕೂತಿದ್ದೆ. “ಮುನ್ನೂರ ಹನ್ನೆರಡು ಇವೆ ಸಾರ್,” ಎಂದರು ಕೊನೆಗೆ. “ಎಲ್ಲ ಬೇರೆ ಕಡೇನೂ ಒಂದಿಷ್ಟು ಇವೆ. ಎಲ್ಲ ಒಟ್ಟಿಗೆ ಇರೋದು ಅಲ್ಲಿ ಮಾತ್ರ.” ಒಟ್ಟಿಗೆ ಇರುವುದಕ್ಕೆ ಕಾನೂನಿನಲ್ಲಿ ಅಂಕಣವಿರಲಿಲ್ಲ.

ಕಾಮಗಾರಿಗೆ ಅನುಮತಿ ಸಿಕ್ಕಿತು. ಮಳೆ ಕಳೆದ ಮೇಲೆ ಮಣ್ಣು ತುಂಬುವುದೆಂದಾಯಿತು. ಆ ವರ್ಷ ಮೊದಲ ಮಳೆ ಬಿದ್ದ ಮರುಬೆಳಗ್ಗೆ ಅವರು ನನ್ನ ಕಿಟಕಿಗೆ ಬಂದರು. ಕಾಲು ಗಟ್ಟಿ ಇದೆಯಾ ಎಂದು ಕೇಳಲಿಲ್ಲ. ಮೂರು ವಾರ, ಪ್ರತಿದಿನ, ಅರವತ್ತು ದಾಟಿದ ನಾವಿಬ್ಬರು ಆ ಕೆಸರಿನಲ್ಲಿ ಮಂಡಿಯೂರಿ, ದಾರ ಕಟ್ಟಿ ಚೌಕ ಮಾಡಿಕೊಂಡು, ಚೌಕ ಚೌಕವಾಗಿ ಆ ಬಡ ಈರುಳ್ಳಿಯನ್ನು ಹುಡುಕಿದೆವು. ಎರಡನೆಯ ವಾರದಲ್ಲಿ ಅತ್ತಿಗೆಯೂ ಸೀರೆ ಎತ್ತಿಕಟ್ಟಿ ಬಂದರು. ಜೀವಮಾನವಿಡೀ ತಪ್ಪಬಾರದೆಂದು ಬದುಕಿದ ಮನುಷ್ಯ ಈಗ ತಾನು ತಪ್ಪಿರಲಿ ಎಂದು ಬೇಡುತ್ತಿದ್ದರು: ತಾನು ತಪ್ಪು ಎಂದು ಒಪ್ಪಿಕೊಂಡದ್ದೇ ತಪ್ಪಾಗಿರಲಿ, ಒಂದು ಗಿಡ, ಒಂದೇ ಒಂದು, ಈ ಕರಿಯ ಜೇಡಿಯಲ್ಲಿ ತಲೆಯೆತ್ತಲಿ, ಹಿಡಿದುಕೊಂಡು ಕಚೇರಿಗೆ ಓಡುತ್ತೇನೆ. ಹುಲ್ಲಿನ ಎಸಳೊಂದನ್ನು ಎರಡು ಬೆರಳಿನಲ್ಲಿ ಹಿಡಿದು, ಬುಡ ಕೆದಕಿ, ಅಲ್ಲವೆಂದು ತಿಳಿದು ಮೆಲ್ಲನೆ ಮಣ್ಣು ಮುಚ್ಚುತ್ತಿದ್ದ ಅವರನ್ನು ನೋಡಲಾಗದೆ ನಾನು ಒಂದು ದಿನ ನನ್ನ ಪಾಲಿನ ಚೌಕದಿಂದ ಕೂಗಿದೆ, “ಇಲ್ನೋಡಿ, ಇದೇ ಇರಬಹುದು!” ಅದು ಜೇಕಿನ ಮೊಳಕೆಯೆಂದು ನನಗೆ ಗೊತ್ತಿತ್ತು. ಅವರು ಬಂದು, ಬಗ್ಗಿ, ನೋಡಿ, ನನ್ನ ಬೆನ್ನ ಮೇಲೆ ಕೈಯಿಟ್ಟರು. “ಬೇಡ ಪ್ರೂಫು,” ಎಂದರು. ಇಪ್ಪತ್ತಾರು ವರ್ಷದಲ್ಲಿ ನಾನು ಆಡಿದ ಸುಳ್ಳುಗಳಲ್ಲಿ ಅವರು ತಿದ್ದದೆ ಬಿಟ್ಟದ್ದು ಅದೊಂದೇ.

ಗಿಡ ಸಿಗಲಿಲ್ಲ. ಉಳಿದ ದಿನಗಳಲ್ಲಿ ಅವರು ಜೌಗಿನ ಮುನ್ನೂರ ಹನ್ನೆರಡು ಜೀವಿಗಳ ಪುಟಗಳನ್ನು ಹೊಸದಾಗಿ ಬರೆದರು; ಎಲ್ಲಿ ಎಷ್ಟು, ಯಾವ ಮೂಲೆಯಲ್ಲಿ, ಯಾವ ನೀರಿನ ಆಳದಲ್ಲಿ. ಅತ್ತಿಗೆ ಕೊನೆಯ ಹಾಳೆಗಳನ್ನು ಹೊಲಿದರು. ಲಾರಿಗಳು ಬಂದ ದಿನ ಡಾಕ್ಟರಮ್ಮ ದಂಡೆಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ಇವರು ಹತ್ತಿರ ಹೋದರು.

“ನಿಮ್ಮ ಮೇಲೆ ನನ್ನ ಸಿಟ್ಟು ಹೋಗಿಲ್ಲ,” ಎಂದರು ಆಕೆ.

“ಇರಲಿ ಅಮ್ಮಾ. ನನ್ನ ಮೇಲೆ ನನಗೂ ಹೋಗಿಲ್ಲ.”

ಇಬ್ಬರೂ ಒಂದೇ ಕೊಡೆಯ ಕೆಳಗೆ ಸಂಜೆಯವರೆಗೆ ನಿಂತಿದ್ದರು. ಮಣ್ಣು ಬೀಳುವಾಗ ಜೌಗು ದೊಡ್ಡ ಸದ್ದೇನೂ ಮಾಡುವುದಿಲ್ಲ; ಒಂದು ನಿಡಿದಾದ ಉಸಿರು, ಅಷ್ಟೇ. ಕಪ್ಪೆಗಳು ರಸ್ತೆ ದಾಟಿ ಬಡಾವಣೆಯ ಕಡೆಗೆ ಹೊರಟವು. ಎಷ್ಟು ಎಂದು ಇಲ್ಲಿ ಬರೆದರೆ ನೀವು ನಂಬುವುದಿಲ್ಲ. ನನ್ನ ಹೆಸರು ಕೆಟ್ಟಿದೆ.

ಎರಡು ವರ್ಷದ ಬಳಿಕ ಅವರು ತೀರಿಕೊಂಡರು. ಹಾಳೆಗಳನ್ನು ಕಾಲೇಜೊಂದರ ಬೀರುಗಳಲ್ಲಿ ಇಟ್ಟಿದ್ದಾರೆ, ಗ್ರಂಥವಿನ್ನೂ ಅಚ್ಚಾಗಿಲ್ಲ. ಅವರು ಮಾಡಿದ್ದು ಸರಿಯೆಂದು ನಾನು ಇಂದಿಗೂ ಒಪ್ಪಿಲ್ಲ, ತಪ್ಪೆನ್ನಲು ಬಾಯಿ ಬರುವುದಿಲ್ಲ. ಅತ್ತಿಗೆಯ ಮುಂದೆ ಆ ಮಾತನ್ನು ಎತ್ತುವ ಧೈರ್ಯವೂ ನನಗಿಲ್ಲ.

ಬೆಳೆಯುವ ಪ್ರತಿಯೊಂದು ನಗರದ ಅಂಚಿನಲ್ಲಿಯೂ ಇಂಥವರು ಒಬ್ಬರೋ ಇಬ್ಬರೋ ಇರುತ್ತಾರೆಂದು ನನಗೆ ತೋರುತ್ತದೆ. ಯಾರೂ ನೇಮಿಸದೆ, ಯಾರೂ ಕೇಳದೆ, ತಮ್ಮ ಸುತ್ತಲಿನ ನೆಲದ ಮೇಲೆ ಬದುಕುವ ಅಲ್ಪಜೀವಿಗಳ ಹೆಸರು, ಠಾವು, ಕಾಲಗಳನ್ನು ಬರೆದಿಡುವವರು. ಇವರಿಂದ ಏನಾದರೂ ಉಳಿಯುತ್ತದೆಂದು ನಾವು ಆಸೆಪಡುತ್ತೇವೆ, ಉಳಿಯದಿದ್ದಾಗ ಇವರ ಮೇಲೆಯೇ ಮುನಿಯುತ್ತೇವೆ. ಉಳಿಸುವವರಿಗೆ ಬೇಕಾದ ಜಾಣತನ ಇವರಲ್ಲಿಲ್ಲ. ಆ ಜಾಣತನವಿದ್ದಿದ್ದರೆ ಇವರು ಬರೆದದ್ದನ್ನು ನಂಬುವಂತೆಯೂ ಇರುತ್ತಿರಲಿಲ್ಲ. ತಾನು ಏನನ್ನು ಕಳೆದುಕೊಂಡೆನೆಂದು ಹೇಳಬಲ್ಲ ಒಬ್ಬರೂ ಇಲ್ಲದ ಊರು, ತಾನು ಏನನ್ನೂ ಕಳೆದುಕೊಂಡಿಲ್ಲವೆಂದು ಸುಖವಾಗಿ ನಿದ್ದೆ ಮಾಡುತ್ತದೆ. ನಮ್ಮಂಥವರ ಪಾಲಿಗೆ ಆ ನಿದ್ದೆ ಇಲ್ಲದ ಹಾಗೆ ಮಾಡಿ ಹೋಗುವುದು, ಇಂಥವರು ತಮ್ಮ ಊರಿಗೆ ಮಾಡುವ ಏಕೈಕ ಉಪಕಾರ.